ಎರಡು ದಿನ ಆಸ್ಪತ್ರೆ, ಹತ್ತು ದಿನ ಮನೆ: ಕಾಯಿಲೆಯ ಕೂಲಿ ಬಂದ ದಾರಿ

ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಟೈಲರ್‌ಗೆ ತಿಂಗಳಿಗೆ 13,000 ರೂಪಾಯಿ ಸಂಬಳ ಎಂದುಕೊಳ್ಳಿ. ಸಂಬಳದ ಚೀಟಿಯಲ್ಲಿ ಇಎಸ್‌ಐ ಎಂಬ ಸಾಲಿನ ಎದುರು 98 ರೂಪಾಯಿ ಕಡಿತವಾಗಿರುತ್ತದೆ. ಇದರ ಜೊತೆಗೆ ಮಾಲೀಕರು ತಮ್ಮ ಪಾಲಿನ 423 ರೂಪಾಯಿ ಕಟ್ಟಬೇಕು. ಈ ದುಡ್ಡು ಯಾತಕ್ಕೆ ಎಂದು ಕೇಳಿದರೆ ‘ಆಸ್ಪತ್ರೆಗೆ, ಮಾತ್ರೆಗೆ’ ಎಂಬ ಉತ್ತರ ಥಟ್ಟನೆ ಬರುತ್ತದೆ. ಅದು ಅರ್ಧ ಉತ್ತರ ಮಾತ್ರ. ಹುಷಾರಿಲ್ಲದೆ ಮನೆಯಲ್ಲಿ ಮಲಗಿದ ದಿನಗಳಿಗೂ ಇದೇ ಹಣದಿಂದ ಕೂಲಿ ಸಿಗುತ್ತದೆ. ಕಾನೂನಿನ ಭಾಷೆಯಲ್ಲಿ ಅದು ‘ಅನಾರೋಗ್ಯ ಪ್ರಯೋಜನ’. ಕಡಿತ ಎಲ್ಲರಿಗೂ ಗೊತ್ತು, ಕೂಲಿಯ ವಿಷಯ ಗೊತ್ತಿರುವವರು ಕಡಿಮೆ.

ಅಪೆಂಡಿಕ್ಸ್ ಆಪರೇಷನ್ ಮಾಡಿಸಿಕೊಂಡವರನ್ನು ಈಗ ಎರಡು ಮೂರು ದಿನಕ್ಕೇ ಮನೆಗೆ ಕಳಿಸುತ್ತಾರೆ. ಹೊಟ್ಟೆಯ ಹೊಲಿಗೆ ಮಾಯುವ ತನಕ ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳುತ್ತಾರೆ. ದಿನಗೂಲಿಯ ಲೆಕ್ಕದಲ್ಲಿ ಬದುಕುವವರ ಕಷ್ಟ ಶುರುವಾಗುವುದೇ ಅಲ್ಲಿಂದ. ಆಸ್ಪತ್ರೆಯ ಬಿಲ್ ಮುಗಿದಿರುತ್ತದೆ, ಆದರೆ ಮನೆ ಬಾಡಿಗೆ, ರೇಷನ್ನು, ಮಕ್ಕಳ ಶಾಲೆಯ ಫೀಸು ಯಾವುದೂ ನಿಲ್ಲುವುದಿಲ್ಲ. ಈ ಕಷ್ಟಕ್ಕೆ ಕಾನೂನು ಉತ್ತರ ಹುಡುಕಲು ಹೊರಟು ಈಗ ನೂರ ನಲವತ್ತು ವರ್ಷ ದಾಟಿದೆ.

ಜರ್ಮನಿಯ ಹದಿಮೂರು ವಾರ

1883ರ ಜೂನ್ 15ರಂದು ಜರ್ಮನಿಯಲ್ಲಿ ಕಾರ್ಮಿಕರ ಆರೋಗ್ಯ ವಿಮೆಯ ಕಾನೂನು ಬಂತು. ಚಾನ್ಸಲರ್ ಬಿಸ್ಮಾರ್ಕ್‌ಗೆ ಕಾರ್ಮಿಕರ ಮೇಲೆ ಉಕ್ಕಿದ ಮಮತೆಗಿಂತ, ಅವರು ಸಮಾಜವಾದಿಗಳ ಕಡೆ ವಾಲುತ್ತಿದ್ದಾರೆ ಎಂಬ ಆತಂಕವೇ ಹೆಚ್ಚಾಗಿತ್ತು. ಕಾರಣ ಏನೇ ಇರಲಿ, ಆ ಕಾನೂನು ಹಾಕಿಕೊಟ್ಟ ಚೌಕಟ್ಟು ಗಟ್ಟಿಯಾಗಿತ್ತು. ವಂತಿಗೆಯ ಮೂರನೇ ಎರಡು ಪಾಲು ಕಾರ್ಮಿಕರದು, ಒಂದು ಪಾಲು ಮಾಲೀಕರದು. ಕಾಯಿಲೆ ಬಿದ್ದರೆ ಚಿಕಿತ್ಸೆ, ಜೊತೆಗೆ ಕೂಲಿಯ ಅರ್ಧದಷ್ಟು ನಗದು, ಗರಿಷ್ಠ 13 ವಾರ. ನಗದು ಮೊದಲ ದಿನದಿಂದಲೇ ಸಿಗುತ್ತಿರಲಿಲ್ಲ, ಮೂರನೇ ದಿನದಿಂದ ಸಿಗುತ್ತಿತ್ತು. ಸುಳ್ಳು ಕಾಯಿಲೆ ಹೇಳಿ ಮನೆಯಲ್ಲಿ ಕೂರುವವರು ಹೆಚ್ಚಾದಾರು ಎಂಬ ಅನುಮಾನ ಈ ‘ಕಾಯುವ ದಿನ’ಗಳ ಹಿಂದಿತ್ತು.

1911ರಲ್ಲಿ ಬ್ರಿಟನ್ ಇದೇ ದಾರಿ ಹಿಡಿಯಿತು. ಅಂದಿನ ಹಣಕಾಸು ಸಚಿವ ಲಾಯ್ಡ್ ಜಾರ್ಜ್ ತಂದ ರಾಷ್ಟ್ರೀಯ ವಿಮಾ ಕಾಯ್ದೆಯಲ್ಲಿ ಗಂಡಸರಿಗೆ ವಾರಕ್ಕೆ 10 ಶಿಲ್ಲಿಂಗ್, 26 ವಾರಗಳವರೆಗೆ. ಅಲ್ಲಿ ಹಣ ಸಿಗುತ್ತಿದ್ದುದು ನಾಲ್ಕನೇ ದಿನದಿಂದ. ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1927ರಲ್ಲಿ ಕೈಗಾರಿಕಾ ಕಾರ್ಮಿಕರ ಅನಾರೋಗ್ಯ ವಿಮೆಗೆಂದೇ ಒಂದು ಒಡಂಬಡಿಕೆ ರೂಪಿಸಿತು. ಭಾರತವೂ ಉತ್ತರ ಕೊಡಬೇಕಾದ ಪ್ರಶ್ನೆಯಾಗಿ ಅದು ದೆಹಲಿಗೆ ಬಂತು.

ರೂಪಾಯಿಗೆ ತಿಂಗಳಿಗೊಂದಾಣೆ

ಇಲ್ಲಿನ ಗಿರಣಿ ಕಾರ್ಮಿಕರ ಪಾಡು ಹೇಗಿತ್ತು ಎಂಬುದಕ್ಕೆ 1929ರಲ್ಲಿ ನೇಮಕವಾದ ರಾಯಲ್ ಕಾರ್ಮಿಕ ಆಯೋಗದ ವರದಿಯೇ ಸಾಕ್ಷಿ. ಜೆ.ಎಚ್. ವ್ಹಿಟ್ಲಿ ಅದರ ಅಧ್ಯಕ್ಷರು. 1931ರಲ್ಲಿ ಹೊರಬಂದ ವರದಿಯ ಅಂದಾಜಿನ ಪ್ರಕಾರ, ಬಹುಪಾಲು ಕೈಗಾರಿಕಾ ಕೇಂದ್ರಗಳಲ್ಲಿ ಮೂರರಲ್ಲಿ ಎರಡು ಪಾಲು ಕಾರ್ಮಿಕ ಕುಟುಂಬಗಳು ಸಾಲದಲ್ಲಿದ್ದವು. ರೂಪಾಯಿಗೆ ತಿಂಗಳಿಗೊಂದಾಣೆ ಬಡ್ಡಿ ಸಾಮಾನ್ಯವಾಗಿತ್ತು. ವರ್ಷಕ್ಕೆ ಲೆಕ್ಕ ಹಾಕಿದರೆ ಅದು ನೂರಕ್ಕೆ ಎಪ್ಪತ್ತೈದು. ಇಂಥ ಮನೆಯಲ್ಲಿ ದುಡಿಯುವ ಕೈ ಹದಿನೈದು ದಿನ ಮಲಗಿದರೆ ಸಾಲದ ಮೇಲೆ ಸಾಲ. ಆಯೋಗ ಅನಾರೋಗ್ಯ ವಿಮೆಯ ಅಗತ್ಯವನ್ನು ಒಪ್ಪಿತು, ಅಂಕಿಅಂಶ ಕಲೆಹಾಕಲು ಹೇಳಿತು. ಅಲ್ಲಿಗೆ ಮತ್ತೆ ಹತ್ತು ಹನ್ನೆರಡು ವರ್ಷ ಕಳೆಯಿತು.

1942ರಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾದರು. ಅವರ ಇಲಾಖೆ 1943ರ ಮಾರ್ಚ್‌ನಲ್ಲಿ ಪ್ರೊ. ಬಿ.ಪಿ. ಅದಾರ್ಕರ್ ಅವರಿಗೆ ಕೈಗಾರಿಕಾ ಕಾರ್ಮಿಕರ ಆರೋಗ್ಯ ವಿಮೆಯ ಯೋಜನೆ ರೂಪಿಸುವ ಕೆಲಸ ವಹಿಸಿತು. ಅದಾರ್ಕರ್ 1944ರಲ್ಲಿ ವರದಿ ಒಪ್ಪಿಸಿದರು. ಎಲ್ಲರಿಗೂ ಕಡ್ಡಾಯ, ಕಾರ್ಮಿಕ ಮಾಲೀಕ ಇಬ್ಬರಿಂದಲೂ ವಂತಿಗೆ, ನಿಯಮ ಸರಳ, ತಕರಾರಿಗೆ ಆಸ್ಪದ ಕಡಿಮೆ ಎಂಬುದು ಅದರ ತಿರುಳು. ಬಟ್ಟೆ ಗಿರಣಿ, ಎಂಜಿನಿಯರಿಂಗ್, ಖನಿಜ ಮತ್ತು ಲೋಹ ಕೈಗಾರಿಕೆಗಳಿಂದ ಆರಂಭಿಸಿ ಎಂದು ಅವರು ಹೇಳಿದ್ದರು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ತಜ್ಞರಾದ ಎಂ. ಸ್ಟ್ಯಾಕ್ ಮತ್ತು ಆರ್. ರಾವ್ ಅದನ್ನು ಪರಿಶೀಲಿಸಿದರು. ಹೆರಿಗೆ ಮತ್ತು ಕೆಲಸದಲ್ಲಾಗುವ ಗಾಯಗಳ ಪರಿಹಾರವೂ ಅದರೊಳಗೆ ಸೇರಿತು. 1948ರ ಏಪ್ರಿಲ್‌ನಲ್ಲಿ ಕಾರ್ಮಿಕರ ರಾಜ್ಯ ವಿಮಾ (ಇಎಸ್‌ಐ) ಕಾಯ್ದೆ ಬಂತು.

ಜಾರಿಗೆ ಮತ್ತೆ ನಾಲ್ಕು ವರ್ಷ ಹಿಡಿಯಿತು. ನಮ್ಮ ಊರಿನಲ್ಲಷ್ಟೇ ವಂತಿಗೆ ಹಾಕಿದರೆ ಬೇರೆ ಊರಿನ ಗಿರಣಿಗಳ ಎದುರು ನಮ್ಮ ಸರಕು ತುಟ್ಟಿಯಾಗುತ್ತದೆ ಎಂಬುದು ಮಾಲೀಕರ ತಕರಾರು. 1951ರಲ್ಲಿ ತಿದ್ದುಪಡಿ ತಂದು ದೇಶದ ಎಲ್ಲ ಕಡೆಯ ಮಾಲೀಕರಿಂದಲೂ ವಿಶೇಷ ವಂತಿಗೆ ವಸೂಲಿಗೆ ದಾರಿ ಮಾಡಲಾಯಿತು. 1952ರ ಫೆಬ್ರುವರಿ 24ರಂದು ಕಾನ್ಪುರದಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಯೋಜನೆಗೆ ಚಾಲನೆ ಕೊಟ್ಟರು. ಅದೇ ದಿನ ದೆಹಲಿಯಲ್ಲೂ ಅದು ಆರಂಭವಾಯಿತು. ಎರಡೂ ಊರು ಸೇರಿ 1,20,000 ಕಾರ್ಮಿಕರು. ಗೌರವಾರ್ಥ ಮೊದಲ ವಿಮಾದಾರರಾಗಿ ನೆಹರೂ ಅವರೇ ಸಹಿ ಹಾಕಿದ ಅರ್ಜಿಯನ್ನು ಇಎಸ್‌ಐ ನಿಗಮ ಜೋಪಾನವಾಗಿ ಇಟ್ಟುಕೊಂಡಿದೆ. ಬಿನ್ನಿ, ಮಿನರ್ವದಂಥ ಗಿರಣಿಗಳ ಊರಾಗಿದ್ದ ಬೆಂಗಳೂರಿಗೆ ಇಎಸ್‌ಐ ಬಂದದ್ದು 1958ರಲ್ಲಿ.

78 ಎಂಬ ಸಂಖ್ಯೆ

ಆರಂಭದಲ್ಲಿ ಅನಾರೋಗ್ಯ ಪ್ರಯೋಜನಕ್ಕೆ ಸರಾಸರಿ ಕೂಲಿಯ ಸುಮಾರು ಅರ್ಧ, ವರ್ಷಕ್ಕೆ 56 ದಿನ ಎಂಬ ಲೆಕ್ಕವಿತ್ತು. ಕಾಲಕಾಲಕ್ಕೆ ಅದು ಏರಿ, ಈಗ ಸರಾಸರಿ ದಿನಗೂಲಿಯ ಶೇ 70, ವರ್ಷಕ್ಕೆ 91 ದಿನ ಎಂಬಲ್ಲಿಗೆ ಬಂದಿದೆ. 91 ದಿನವೆಂದರೆ ಸರಿಯಾಗಿ 13 ವಾರ. ಕ್ಷಯ, ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿ ಇರುವವರಿಗೆ ಶೇ 80ರ ದರದಲ್ಲಿ ಎರಡು ವರ್ಷದವರೆಗೆ ಸಿಗುತ್ತದೆ, ಅದರ ಷರತ್ತುಗಳು ಬೇರೆ.

ಚಿಕಿತ್ಸೆಗೂ ಕೂಲಿಗೂ ಅರ್ಹತೆ ಒಂದೇ ಅಲ್ಲ. ಕೆಲಸಕ್ಕೆ ಸೇರಿ ಹೆಸರು ನೋಂದಾಯಿಸಿದ ದಿನದಿಂದಲೇ ಇಎಸ್‌ಐ ಡಿಸ್ಪೆನ್ಸರಿಯ ಬಾಗಿಲು ತೆರೆದಿರುತ್ತದೆ. ಕೂಲಿಗೆ ಮಾತ್ರ ಹಿಂದಿನ ಆರು ತಿಂಗಳ ಲೆಕ್ಕ ನೋಡುತ್ತಾರೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ಕೊನೆಯವರೆಗಿನ ವಂತಿಗೆಗೆ ಮರುವರ್ಷದ ಜನವರಿಯಿಂದ ಜೂನ್‌ವರೆಗೆ ಹಕ್ಕು. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ವಂತಿಗೆಗೆ ಜುಲೈಯಿಂದ ಡಿಸೆಂಬರ್‌ವರೆಗೆ. ಆ ಆರು ತಿಂಗಳಲ್ಲಿ ಕನಿಷ್ಠ 78 ದಿನಗಳ ವಂತಿಗೆ ಲೆಕ್ಕಕ್ಕೆ ಬಂದಿರಬೇಕು. ತಿಂಗಳಿಗೆ 26 ಕೆಲಸದ ದಿನಗಳಂತೆ ಆರು ತಿಂಗಳಿಗೆ 156. ಅದರ ಅರ್ಧ 78. ಅಂದರೆ ಅರ್ಧ ಅವಧಿಯಾದರೂ ದುಡಿದಿದ್ದರೆ ಸಾಕು ಎಂಬುದು ಇದರ ಹಿಂದಿನ ತರ್ಕ. ಮೊದಲ ಸಲ ಇಎಸ್‌ಐಗೆ ಸೇರಿದವರಿಗೆ ನಗದಿನ ಹಕ್ಕು ಒಂಬತ್ತು ತಿಂಗಳ ನಂತರ ತೆರೆದುಕೊಳ್ಳುತ್ತದೆ. ಅವರ ಮೊದಲ ವಂತಿಗೆ ಅವಧಿ ಚಿಕ್ಕದಿದ್ದರೆ ಅದರ ಅರ್ಧದಷ್ಟು ಕೆಲಸದ ದಿನಗಳನ್ನೇ ಸಾಕೆಂದು ಪರಿಗಣಿಸುತ್ತಾರೆ.

ಗಾರ್ಮೆಂಟ್ಸ್‌ನಲ್ಲಿ ಈ ಲೆಕ್ಕದಿಂದ ಪೆಟ್ಟು ತಿನ್ನುವವರು ಹೆಚ್ಚಾಗಿ ಕೆಲಸ ಬದಲಿಸುವ ಹೆಣ್ಣುಮಕ್ಕಳು. ವಿಮಾ ನಂಬರು ಜೀವಮಾನಕ್ಕೆ ಒಂದೇ. ಮೈಸೂರು ರಸ್ತೆಯ ಫ್ಯಾಕ್ಟರಿ ಬಿಟ್ಟು ಬೊಮ್ಮನಹಳ್ಳಿಗೆ ಸೇರಿದಾಗ ಹಳೆಯ ನಂಬರನ್ನೇ ಕೊಟ್ಟರೆ ಎರಡೂ ಕಡೆಯ ದಿನಗಳು ಕೂಡಿಕೊಳ್ಳುತ್ತವೆ. ಎಚ್‌ಆರ್‌ನವರು ಆತುರದಲ್ಲಿ ಹೊಸ ನಂಬರು ಮಾಡಿಸಿದರೆ ಇಲ್ಲಿ 50, ಅಲ್ಲಿ 60 ದಿನ ಎಂದು ಲೆಕ್ಕ ಒಡೆದುಹೋಗುತ್ತದೆ. ಎರಡರಲ್ಲೂ 78 ಆಗುವುದಿಲ್ಲ. ಸಂಬಳದಲ್ಲಿ ಹಿಡಿದ ದುಡ್ಡನ್ನು ಮಾಲೀಕರು ಕಟ್ಟದೇ ಹೋದರೂ ಕಾರ್ಮಿಕರು ಕೈಚೆಲ್ಲಬೇಕಿಲ್ಲ. ವಂತಿಗೆ ಕಟ್ಟಬೇಕಿತ್ತು ಎಂಬುದು ಖಚಿತವಾದರೆ ಕಾರ್ಮಿಕರಿಗೆ ಹಣ ಕೊಟ್ಟು, ಅದನ್ನು ಮಾಲೀಕರಿಂದ ವಸೂಲು ಮಾಡುವ ಅಧಿಕಾರವನ್ನು ಕಾನೂನು ನಿಗಮಕ್ಕೆ ಕೊಟ್ಟಿದೆ.

ಹಾಸಿಗೆಯ ಲೆಕ್ಕ, ಸರ್ಟಿಫಿಕೇಟಿನ ಲೆಕ್ಕ

ಆಸ್ಪತ್ರೆಯಲ್ಲಿ ಮಲಗಿದ ದಿನಗಳಿಗಷ್ಟೇ ದುಡ್ಡು ಎಂಬ ತಪ್ಪು ತಿಳಿವಳಿಕೆ ಬಹಳ ಕಡೆ ಇದೆ. ಕಾನೂನು ಹಾಗೆ ಹೇಳುವುದಿಲ್ಲ. ಕೆಲಸ ಮಾಡುವ ಸ್ಥಿತಿಯಲ್ಲಿಲ್ಲ ಎಂದು ಇಎಸ್‌ಐ ವೈದ್ಯರು ಬರೆದುಕೊಟ್ಟ ಪ್ರತಿ ದಿನವೂ ಲೆಕ್ಕಕ್ಕೆ ಬರುತ್ತದೆ. ವಾರ್ಡಿನಲ್ಲಿದ್ದರೂ ಸರಿ, ಮನೆಯಲ್ಲಿದ್ದರೂ ಸರಿ.

ಮೇಲೆ ಹೇಳಿದ ಟೈಲರ್‌ಗೇ ಅಪೆಂಡಿಕ್ಸ್ ಆಪರೇಷನ್ ಆಯಿತು ಎಂದುಕೊಳ್ಳೋಣ. ಸರಾಸರಿ ದಿನಗೂಲಿ 500 ರೂಪಾಯಿ, ಅದರ ಶೇ 70 ಎಂದರೆ 350. ಮೂರು ದಿನ ಆಸ್ಪತ್ರೆ, ಹತ್ತು ದಿನ ವಿಶ್ರಾಂತಿ, ಒಟ್ಟು 13 ದಿನಗಳ ಸರ್ಟಿಫಿಕೇಟು. ಇದರಲ್ಲಿ ಮೊದಲ ಎರಡು ದಿನ ಕಾಯುವ ದಿನಗಳು, ಅವಕ್ಕೆ ಹಣವಿಲ್ಲ. ಉಳಿದ 11 ದಿನಕ್ಕೆ 3,850 ರೂಪಾಯಿ. ಇದೇ ಟೈಲರ್ ವಿಶ್ರಾಂತಿಯ ಸರ್ಟಿಫಿಕೇಟು ಪಡೆಯದೆ, ಆಸ್ಪತ್ರೆಯ ಮೂರು ದಿನದ ಕಾಗದವನ್ನಷ್ಟೇ ಕೊಟ್ಟರೆ ಕೈಗೆ ಬರುವುದು ಒಂದೇ ದಿನದ 350. ಎರಡೇ ದಿನಕ್ಕೆ ಡಿಸ್ಚಾರ್ಜ್ ಆಗಿದ್ದರೆ ಬಿಡಿಗಾಸೂ ಇಲ್ಲ. ಹೊಲಿಗೆಗೆ ಸೋಂಕು ತಗುಲಿ ಹದಿನೈದು ದಿನದೊಳಗೆ ಮತ್ತೆ ಮಲಗಬೇಕಾಗಿ ಬಂದರೆ ಮಾತ್ರ ಎರಡನೇ ಸಲ ಕಾಯುವ ದಿನಗಳು ಇರುವುದಿಲ್ಲ.

ರಜೆಯ ಸಂಬಳ ಪಡೆದ ದಿನಕ್ಕೆ ಈ ಹಣ ಸಿಗುವುದಿಲ್ಲ. ಹಾಗಾಗಿ ಕೈಯಲ್ಲಿ ಸಂಬಳದ ರಜೆ ಇದ್ದವರು ಅದನ್ನು ಕಾಯುವ ಎರಡು ದಿನಕ್ಕೆ ಹಾಕಿಕೊಳ್ಳುವುದು ಒಳ್ಳೆಯದು. ತುರ್ತಿನಲ್ಲಿ ಖಾಸಗಿ ಆಸ್ಪತ್ರೆಗೆ ಸೇರಿದವರು ಡಿಸ್ಚಾರ್ಜ್ ಸಮ್ಮರಿ ಹಿಡಿದು ತಮ್ಮ ಡಿಸ್ಪೆನ್ಸರಿಗೆ ಬೇಗ ಹೋಗಬೇಕು. ಹೊರಗಿನ ವೈದ್ಯರ ಕಾಗದ ತಾನಾಗಿಯೇ ಒಪ್ಪಿಗೆಯಾಗುವುದಿಲ್ಲ, ನಿಗಮ ಅದನ್ನು ಪರಿಶೀಲಿಸಿ ತೀರ್ಮಾನಿಸುತ್ತದೆ. ಹಣ ಬರುವುದು ನೇರವಾಗಿ ಬ್ಯಾಂಕ್ ಖಾತೆಗೆ. ಈ ಪ್ರಯೋಜನ ಪಡೆಯುತ್ತಿರುವ ಅವಧಿಯಲ್ಲಿ ಕಾರ್ಮಿಕರನ್ನು ಕೆಲಸದಿಂದ ತೆಗೆಯುವಂತಿಲ್ಲ, ಶಿಕ್ಷಿಸುವಂತಿಲ್ಲ ಎಂಬ ರಕ್ಷಣೆಯನ್ನು 1948ರ ಕಾಯ್ದೆಯೇ ಕೊಟ್ಟಿತು. ಸೂಪರ್‌ವೈಸರ್ ಫೋನಿಗೆ ಹೆದರಿ ಹಸಿ ಗಾಯದಲ್ಲೇ ಮೆಷಿನ್ ಮುಂದೆ ಕೂರುವ ಹೆಣ್ಣುಮಗಳಿಗೆ ಈ ಮಾತು ಗೊತ್ತಿರಲೇಬೇಕು.

ಎರಡು ದಿನದ ಅನುಮಾನ

ಕಾಯುವ ದಿನಗಳನ್ನು ಹುಟ್ಟುಹಾಕಿದ ಜರ್ಮನಿ ಅವನ್ನು ಹೊತ್ತುಕೊಂಡೇ ಕೂರಲಿಲ್ಲ. 1956ರ ಅಕ್ಟೋಬರ್‌ನಲ್ಲಿ ಶ್ಲೆಸ್ವಿಗ್-ಹೋಲ್‌ಸ್ಟೈನ್ ಪ್ರಾಂತ್ಯದ ಹಡಗುಕಟ್ಟೆ ಮತ್ತು ಲೋಹ ಕಾರ್ಮಿಕರು ಕಾಯಿಲೆಯ ದಿನಗಳಿಗೂ ಸಂಬಳ ಬೇಕೆಂದು ಮುಷ್ಕರ ಹೂಡಿದರು. ನೂರಕ್ಕೂ ಹೆಚ್ಚು ದಿನ, 1957ರ ಫೆಬ್ರುವರಿವರೆಗೆ ಅದು ನಡೆಯಿತು. 1969ರಲ್ಲಿ ಬಂದ ಕಾನೂನು ಕಾಯಿಲೆಯ ಮೊದಲ ದಿನದಿಂದಲೇ ಆರು ವಾರ ಪೂರ್ತಿ ಕೂಲಿಯನ್ನು ಮಾಲೀಕರ ಹೊಣೆಯಾಗಿಸಿತು.

ನಮ್ಮಲ್ಲಿ ಆ ಎರಡು ದಿನ ಉಳಿದುಕೊಂಡಿವೆ. ವಾರ್ಡಿನಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದವರು ಕಾಯಿಲೆಯ ನಟನೆ ಮಾಡುತ್ತಿದ್ದಾರೆಂದು ಯಾರೂ ಅನುಮಾನಿಸಲಾರರು, ಅವರ ಕೇಸ್ ಶೀಟೇ ಪುರಾವೆ. ಹಿಂದೆ ವಾರಗಟ್ಟಲೆ ವಾರ್ಡಿನಲ್ಲಿರುತ್ತಿದ್ದಾಗ ಎರಡು ದಿನದ ನಷ್ಟ ಸಣ್ಣದಾಗಿ ಕಂಡಿರಬಹುದು. ಎರಡು ಮೂರು ದಿನಕ್ಕೇ ಮನೆಗೆ ಕಳಿಸುವ ಈ ಕಾಲದಲ್ಲಿ ಅದು ಆಸ್ಪತ್ರೆವಾಸವನ್ನೇ ನುಂಗಿಬಿಡುತ್ತದೆ.

ಆಯುಷ್ಮಾನ್ ಭಾರತ್‌ನಂಥ ಯೋಜನೆಗಳು ಆಸ್ಪತ್ರೆಯ ಬಿಲ್ ಭರಿಸುತ್ತವೆ, ಕಳೆದುಹೋದ ಕೂಲಿ ಅವುಗಳ ವ್ಯಾಪ್ತಿಗೆ ಬರುವುದಿಲ್ಲ. ಆ ಕೆಲಸ ಮಾಡುವ ಇಎಸ್‌ಐ ಸಾಮಾನ್ಯವಾಗಿ ಹತ್ತಕ್ಕಿಂತ ಕಡಿಮೆ ಜನರಿರುವ ಕಡೆ ತಲುಪುವುದಿಲ್ಲ. 2017ರ ಜನವರಿಯಲ್ಲಿ ನಿಗದಿಯಾದ 21,000 ರೂಪಾಯಿ ಸಂಬಳದ ಮಿತಿ ದಾಟಿದವರಿಗೂ ಅದು ಇಲ್ಲ. ಮನೆಗೆಲಸದವರು, ಗಾರೆ ಕೆಲಸದವರು, ಸಣ್ಣ ಅಂಗಡಿಯ ಹುಡುಗರು ಮಲಗಿದ ದಿನಗಳಿಗೆ ಸಾಮಾನ್ಯವಾಗಿ ಕೂಲಿ ಸಿಗುವುದಿಲ್ಲ.

2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. 1948ರ ಕಾಯ್ದೆಯ ವಿಷಯವೆಲ್ಲ ಈಗ ಅದರ ನಾಲ್ಕನೇ ಅಧ್ಯಾಯ. ಅನಾರೋಗ್ಯ ಪ್ರಯೋಜನದ ಅರ್ಹತೆ, ದರ, ಅವಧಿಯನ್ನು ಕೇಂದ್ರ ಸರ್ಕಾರ ನಿಯಮಗಳ ಮೂಲಕವೇ ನಿರ್ಧರಿಸುತ್ತದೆ. ಆಸ್ಪತ್ರೆಗೆ ದಾಖಲಾದವರಿಗೆ ಕಾಯುವ ದಿನಗಳನ್ನು ಕೈಬಿಡಲು ಸಂಸತ್ತಿನಲ್ಲಿ ಹೊಸ ಮಸೂದೆ ಮಂಡಿಸಬೇಕಿಲ್ಲ. ನಿಯಮದ ಒಂದು ಸಾಲು ತಿದ್ದಿದರೆ ಸಾಕು. ಸರ್ಕಾರ ಅದನ್ನು ತಿದ್ದಬೇಕು, ಕಾರ್ಮಿಕ ಸಂಘಗಳು ಅದನ್ನು ಕೇಳಬೇಕು.

ಅಲ್ಲಿಯವರೆಗೆ ಓದುಗರಲ್ಲಿ ಒಂದು ಮನವಿ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇಎಸ್‌ಐ ಇರುವವರು ಆಸ್ಪತ್ರೆಗೆ ಸೇರಿದ್ದರೆ, ಹೊರಡುವ ಮುನ್ನ ಎರಡು ವಿಷಯ ವಿಚಾರಿಸಿ: ಹಿಂದಿನ ಅವಧಿಯಲ್ಲಿ 78 ದಿನಗಳ ವಂತಿಗೆ ಅವರದೇ ನಂಬರಿನಲ್ಲಿ ಜಮೆಯಾಗಿದೆಯೇ, ವಿಶ್ರಾಂತಿಯ ಅಷ್ಟೂ ದಿನಗಳಿಗೆ ಸರ್ಟಿಫಿಕೇಟು ಸಿಕ್ಕಿದೆಯೇ. ಕಾಯಿಲೆಯ ಕೂಲಿ ಯಾರೋ ಕೊಡುವ ದಾನವಲ್ಲ, ತಿಂಗಳು ತಿಂಗಳೂ ತಾವೇ ಕಟ್ಟಿದ ದುಡ್ಡಿನ ಹಕ್ಕು.