ಸೇಂಟ್ ಜಾರ್ಜ್ ಕೋಟೆಯ ವಸ್ತುಸಂಗ್ರಹಾಲಯ: ಪ್ರವಾಸಕ್ಕೆ ಮುನ್ನ ಕೆಲವು ವಿಚಾರಗಳು

ಶಾಲೆಯ ಮಕ್ಕಳನ್ನು ಚೆನ್ನೈಗೆ ಕರೆದೊಯ್ದಾಗ ಕಡಲತೀರವನ್ನೂ ಮೃಗಾಲಯವನ್ನೂ ತೋರಿಸಿ ಹಿಂದಿರುಗುವುದು ವಾಡಿಕೆ. ಅದೇ ಕಡಲ ಬದಿಯಲ್ಲಿರುವ ಸೇಂಟ್ ಜಾರ್ಜ್ ಕೋಟೆಗೆ ಅರ್ಧ ದಿನವನ್ನಾದರೂ ಮೀಸಲಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ. ಹೊಸೂರು, ತಾಳವಾಡಿ, ಕಾಸರಗೋಡು, ಆದವಾನಿ, ರಾಯದುರ್ಗ ಇವು ಇಂದು ಮೂರು ರಾಜ್ಯಗಳಲ್ಲಿ ಹಂಚಿಹೋಗಿವೆ. ಆದರೆ ಸುಮಾರು ಒಂದೂವರೆ ಶತಮಾನ ಕಾಲ ಇವೆಲ್ಲವೂ ಆ ಒಂದೇ ಕೋಟೆಯ ಆಡಳಿತಕ್ಕೆ ಒಳಪಟ್ಟಿದ್ದವು. ಅದು ಹೇಗಾಯಿತೆಂಬುದನ್ನು ಮೊದಲೇ ತಿಳಿಯದೆ ಹೋದರೆ ಮಕ್ಕಳಿಗೆ ಕಾಣುವುದು ಗಾಜಿನ ಪೆಟ್ಟಿಗೆಗಳು ಮಾತ್ರ.

ಕೋಟೆಯ ನೆಲವು 1639ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಗೆ ದೊರೆಯಿತು. ಕೊಟ್ಟವನು ದಾಮರ್ಲ ವೆಂಕಟಾದ್ರಿ ನಾಯಕ. ಅವನು ವಿಜಯನಗರದ ಕಡೆಯ ಅರಸರ ಅಧೀನನಾಗಿದ್ದವನು. ಮರುವರ್ಷ ಕಟ್ಟಡದ ಕೆಲಸ ಮೊದಲಾಯಿತು. 1746ರಲ್ಲಿ ಕೋಟೆಯು ಫ್ರೆಂಚರ ವಶವಾಗಿ, 1749ರಲ್ಲಿ ಇಂಗ್ಲಿಷರಿಗೆ ಮರಳಿತು. ಈಗಿನ ವಸ್ತುಸಂಗ್ರಹಾಲಯದ ಕಟ್ಟಡವು 1795ರಲ್ಲಿ ಮುಗಿದು, ವರ್ತಕರು ಕೂಡುವ ಸ್ಥಳವಾಗಿದ್ದಿತು. 1948ರಲ್ಲಿ ಅದು ವಸ್ತುಸಂಗ್ರಹಾಲಯವಾಗಿ ಸಾರ್ವಜನಿಕರಿಗೆ ತೆರೆಯಿತು.

ಪ್ರವಾಸದ ಏರ್ಪಾಡಿನಲ್ಲಿ ಮೊದಲು ಗಮನಿಸತಕ್ಕದ್ದು ದಿನ. ಶುಕ್ರವಾರ ಅಲ್ಲಿ ರಜೆ. ತಮಿಳುನಾಡಿನ ವಿಧಾನಸಭೆಯೂ ಸಚಿವಾಲಯವೂ ಕೋಟೆಯೊಳಗೇ ಇರುವುದರಿಂದ ದ್ವಾರದಲ್ಲಿ ತಪಾಸಣೆಯುಂಟು. ಆದುದರಿಂದ ಶಾಲೆಯ ಪತ್ರ, ಮಕ್ಕಳ ಹೆಸರಿನ ಪಟ್ಟಿ ಮತ್ತು ಗುರುತಿನ ಚೀಟಿಗಳು ಜತೆಯಲ್ಲಿರಲಿ. ವೇಳೆಯನ್ನೂ ಶುಲ್ಕವನ್ನೂ ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು. ಹದಿನೈದು ಮಕ್ಕಳಿಗೆ ಒಬ್ಬ ಉಪಾಧ್ಯಾಯರಂತೆ ತಂಡಗಳನ್ನು ಮಾಡಿದರೆ ಅನುಕೂಲ. ಒಂದು ತಂಡ ವಸ್ತುಸಂಗ್ರಹಾಲಯದಲ್ಲಿರುವಾಗ ಇನ್ನೊಂದು ತಂಡ ಸಮೀಪದಲ್ಲೇ ಇರುವ, 1680ರಲ್ಲಿ ಪೂರ್ಣಗೊಂಡ ಸೇಂಟ್ ಮೇರಿ ಚರ್ಚನ್ನು ನೋಡಬಹುದು.

ನಾಣ್ಯ, ಆಯುಧ, ಪಿಂಗಾಣಿ, ತೈಲಚಿತ್ರ ಎಲ್ಲವನ್ನೂ ಒಂದೇ ಹೊತ್ತಿನಲ್ಲಿ ನೋಡಹೊರಟರೆ ಯಾವುದೂ ಮನಸ್ಸಿನಲ್ಲಿ ನಿಲ್ಲದು. ಎರಡು ವಸ್ತುಗಳ ಮುಂದೆ ಮಾತ್ರ ಸಾವಕಾಶವಾಗಿ ನಿಲ್ಲಬೇಕೆಂದು ನಮ್ಮ ಸೂಚನೆ.

ಮೊದಲನೆಯದು ಕಾರ್ನ್‌ವಾಲಿಸನ ದೊಡ್ಡ ಅಮೃತಶಿಲೆಯ ಪ್ರತಿಮೆ. ಮೇಲೆ ನಿಂತವನನ್ನು ನೋಡಿ ಮುಂದೆ ಸಾಗಬಾರದು. ಪೀಠದ ಉಬ್ಬುಚಿತ್ರವನ್ನು ನೋಡಬೇಕು. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನನು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಕೊಡಬೇಕಾಯಿತು. ಹಣ ಸಲ್ಲುವವರೆಗೆ ತನ್ನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಒಪ್ಪಿಸಿದನು. ಅವರನ್ನು ಮದರಾಸಿಗೆ ಕರೆತಂದು 1794ರಲ್ಲಿ ಹಿಂದಿರುಗಿಸಿದರು. ಆ ಒಪ್ಪಿಸುವಿಕೆಯೇ ಅಲ್ಲಿ ಕೆತ್ತಿರುವುದು. ಈ ಕೆತ್ತನೆ ಗೆದ್ದವರು ಮಾಡಿಸಿದ್ದು. ಸೋತವರು ಕೆತ್ತಿಸಿದ್ದರೆ ಹೇಗಿರುತ್ತಿತ್ತು? ಈ ಪ್ರಶ್ನೆಯನ್ನು ಉಪಾಧ್ಯಾಯರು ಅಲ್ಲಿಯೇ ಕೇಳಲಿ, ಉತ್ತರವನ್ನು ಮಕ್ಕಳೇ ಹುಡುಕಲಿ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಾಸರಗೋಡು ಸೇರಿದ ಕನ್ನಡ ಜಿಲ್ಲೆ, ಹೊಸೂರು ಮತ್ತು ತಾಳವಾಡಿ ಸೀಮೆಗಳು ಕಂಪೆನಿಗೆ ಸೇರಿದವು. 1800ರಲ್ಲಿ ನಿಜಾಮನು ಬಳ್ಳಾರಿ, ಆದವಾನಿ, ರಾಯದುರ್ಗಗಳನ್ನು ಬಿಟ್ಟುಕೊಟ್ಟನು. ಹೀಗೆ ಎರಡೇ ವರ್ಷಗಳಲ್ಲಿ ನಮ್ಮ ಊರುಗಳ ಕಂದಾಯದ ಲೆಕ್ಕ ಮದರಾಸಿಗೆ ಹೋಗತೊಡಗಿತು.

ಎರಡನೆಯದು, 1947ರ ಆಗಸ್ಟ್ 15ರಂದು ಆ ಕೋಟೆಯ ಮೇಲೆ ಹಾರಿಸಿದ ರಾಷ್ಟ್ರಧ್ವಜ. ಕಾಲ ಕಳೆದು ಹಳತಾದ ಆ ರೇಷ್ಮೆಯ ಬಟ್ಟೆಯನ್ನು ಕಡೆಗೆ ನೋಡಿ ಹೊರಡುವುದು ಒಳ್ಳೆಯದು.

ಊರಿಗೆ ಮರಳಿದ ವಾರದಲ್ಲಿಯೇ ಮಕ್ಕಳಿಂದ ಒಂದು ನಕಾಶೆ ಬರೆಯಿಸಬೇಕು. 1792, 1799, 1800, 1953, 1956 ಈ ವರ್ಷಗಳಲ್ಲಿ ತಮ್ಮ ಊರು ಯಾರ ಆಳ್ವಿಕೆಯಲ್ಲಿ, ಯಾವ ಪ್ರಾಂತದಲ್ಲಿ ಇದ್ದಿತೆಂದು ಅವರು ಗುರುತಿಸಲಿ. ಗಡಿಗಳು ಎಷ್ಟೋ ಸಾರಿ ಸರಿದಿವೆ. ಮನೆಯ ಮಾತು ಕನ್ನಡವಾಗಿಯೇ ಉಳಿದಿದೆ. ಗಡಿಯಾಚೆಯ ಕನ್ನಡ ಶಾಲೆಯಲ್ಲಿ ತಾನೇಕೆ ಓದುತ್ತಿದ್ದೇನೆಂಬುದು ಮಗುವಿಗೆ ಆ ನಕಾಶೆಯಿಂದ ತಿಳಿದೀತು.