ಅಂತರ್ಜಾಲದಲ್ಲಿ ಚಿತ್ರ: ಮೊದಲು ನೋಂದಣಿಯ ಅರ್ಜಿ

ಹೊಸ ಆಟಿಕೆಯ ಚಿತ್ರವನ್ನು ಅಂತರ್ಜಾಲದಲ್ಲಿ ಪ್ರಕಟಿಸಿ, ಬೇಡಿಕೆ ಕುದುರಿದ ಮೇಲೆ ವಿನ್ಯಾಸದ ನೋಂದಣಿಯ ಕುರಿತು ಯೋಚಿಸುವ ತಯಾರಕರುಂಟು. ಕಾನೂನು ಬಯಸುವುದು ಇದಕ್ಕೆ ತದ್ವಿರುದ್ಧವಾದ ಕ್ರಮವನ್ನು. 2000ದ ವಿನ್ಯಾಸ ಕಾಯ್ದೆಯ ಪ್ರಕಾರ, ಅರ್ಜಿಗೆ ಮುನ್ನವೇ ಬಹಿರಂಗಗೊಂಡ ವಿನ್ಯಾಸಕ್ಕೆ ಸಾಮಾನ್ಯವಾಗಿ ನೋಂದಣಿ ದೊರೆಯದು. ಬಹಿರಂಗಪಡಿಸಿದವರು ಸ್ವತಃ ಮಾಲೀಕರೇ ಆಗಿದ್ದರೂ ಅಷ್ಟೆ.

ಕೃತಿಸ್ವಾಮ್ಯವಾದರೂ ಇದೆಯಲ್ಲ ಎಂಬ ಧೈರ್ಯವೂ ಹೆಚ್ಚು ದಿನ ಬಾಳದು. 1957ರ ಕೃತಿಸ್ವಾಮ್ಯ ಕಾಯ್ದೆಯ 15ನೆಯ ಕಲಮಿನಂತೆ, ನೋಂದಣಿಗೆ ಅರ್ಹವಾಗಿದ್ದೂ ನೋಂದಣಿಯಾಗದ ವಿನ್ಯಾಸವನ್ನು ಮಾಲೀಕರು ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಬಾರಿ ವಸ್ತುಗಳಿಗೆ ಅಳವಡಿಸಿದೊಡನೆ ಆ ಹಕ್ಕು ಅಳಿಯುತ್ತದೆ. ಐವತ್ತೆಂಬುದು ಒಂದೇ ಸಗಟು ಬೇಡಿಕೆಯಲ್ಲಿ ಮುಗಿದುಹೋಗುವ ಸಂಖ್ಯೆ! ಬಳಿಕ ನಕಲು ಮಾಡಿದವರನ್ನು ಪ್ರಶ್ನಿಸಲು ಆಧಾರವೇ ದುರ್ಬಲ.

ನೋಂದಣಿಯಾದ ವಿನ್ಯಾಸಕ್ಕೆ 10 ವರ್ಷ, ಶುಲ್ಕ ತೆತ್ತು ವಿಸ್ತರಿಸಿದರೆ ಮತ್ತೆ 5 ವರ್ಷ ರಕ್ಷಣೆಯುಂಟು. ಅರ್ಜಿ ಸಲ್ಲಿಸಿದ ಮರುದಿನವೇ ಚಿತ್ರವನ್ನು ಪ್ರಕಟಿಸಲು ಅಡ್ಡಿಯಿಲ್ಲ.