ಅಗ್ಗದ ಕಾರ್ಬನ್ ಸೈಕಲ್ ಅಂದರೆ ಅಪಾಯವೇ? ಬೆಲೆಯ ವ್ಯತ್ಯಾಸ ಎಲ್ಲಿಂದ ಬರುತ್ತದೆ?

ಸೈಕಲ್ ಸವಾರರ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಮೆಸೇಜ್‌ಗಳು ಆಗಾಗ ಸುತ್ತುತ್ತಿರುತ್ತವೆ. ಒಂದು ಹೇಳುತ್ತದೆ: ಕಾರ್ಬನ್ ಸೈಕಲ್‌ಗಳೆಲ್ಲ ತಯಾರಾಗುವುದು ಒಂದೇ ಕಾರ್ಖಾನೆಯಲ್ಲಿ, ಸ್ಟಿಕ್ಕರ್ ಮಾತ್ರ ಬೇರೆ, ಹೆಸರಿಗಾಗಿ ಲಕ್ಷಗಟ್ಟಲೆ ಸುರಿಯಬೇಡಿ. ಇನ್ನೊಂದು ಹೇಳುತ್ತದೆ: ಅಗ್ಗದ ಕಾರ್ಬನ್ ಓಡುತ್ತಿರುವಾಗಲೇ ಮುರಿಯುತ್ತದೆ, ಹುಷಾರ್. ಎರಡೂ ಅರ್ಧ ಸತ್ಯ. ಮೊದಲನೆಯದನ್ನು ಪೂರ್ತಿ ನಂಬಿದವರಿಗೆ ಪೆಟ್ಟು ಜಾಸ್ತಿ. ಹೇಗೆ ಅಂತ ನೋಡೋಣ.

ಕಾರ್ಖಾನೆಯ ಮಾತಿನಲ್ಲಿ ನಿಜವಿದೆ. ತೈವಾನ್‌ನಲ್ಲಿ 1972ರಲ್ಲಿ ಶುರುವಾದ ಜೈಂಟ್ ಕಂಪನಿ ಮೊದಲು ಹೆಸರು ಮಾಡಿದ್ದೇ ಬೇರೆಯವರಿಗೆ ಸೈಕಲ್ ಮಾಡಿಕೊಟ್ಟು. ಅಮೆರಿಕದ ಶ್ವಿನ್ ಅದರ ದೊಡ್ಡ ಗಿರಾಕಿಯಾಗಿತ್ತು. ಇವತ್ತಿಗೂ ಯುರೋಪ್, ಅಮೆರಿಕದ ಅನೇಕ ಬ್ರ್ಯಾಂಡ್‌ಗಳ ಕಾರ್ಬನ್ ಫ್ರೇಮ್‌ಗಳು ತೈವಾನ್, ಚೀನಾದಿಂದಲೇ ಬರುತ್ತವೆ. ಆದರೆ ಒಂದೇ ಅಡುಗೆಮನೆ ಅಂದಮಾತ್ರಕ್ಕೆ ಒಂದೇ ಅಡುಗೆ ಆಗುವುದಿಲ್ಲವಲ್ಲ!

ಕಾರ್ಬನ್ ಫ್ರೇಮ್ ಅಂದರೆ ಕಬ್ಬಿಣದ ಹಾಗೆ ಕೊಳವೆ ಕತ್ತರಿಸಿ ಬೆಸುಗೆ ಹಾಕುವುದಲ್ಲ. ಅಂಟು ಬಳಿದ ಕಾರ್ಬನ್ ಎಳೆಗಳ ಹಾಳೆಯನ್ನು ನೂರಾರು ತುಂಡುಗಳಾಗಿ ಕತ್ತರಿಸುತ್ತಾರೆ. ಪ್ರತಿ ತುಂಡನ್ನೂ ನಕ್ಷೆಯಲ್ಲಿ ಹೇಳಿದ ದಿಕ್ಕಿನಲ್ಲೇ ಕೈಯಿಂದ ಜೋಡಿಸಿ, ಅಚ್ಚಿನೊಳಗಿಟ್ಟು, ಒಳಗಿನಿಂದ ಒತ್ತಡ ಕೊಟ್ಟು ಬೇಯಿಸುತ್ತಾರೆ. ಎಳೆ ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೆ ಮಾತ್ರ ಪೂರ್ತಿ ಬಲ. ಹಾಗಾಗಿ ಒಂದೇ ಅಚ್ಚಿನಿಂದ ಬಂದ ಎರಡು ಫ್ರೇಮ್‌ಗಳು ಕಣ್ಣಿಗೆ ಅವಳಿಗಳಂತಿದ್ದರೂ ಒಳಗೆ ಬೇರೆಯೇ ಇರಬಹುದು. ದೊಡ್ಡ ಕಂಪನಿಗಳೇ ಒಂದು ಮಾಡೆಲ್‌ಗೆ ದುಬಾರಿ ಆವೃತ್ತಿ, ಅಗ್ಗದ ಆವೃತ್ತಿ ಎರಡನ್ನೂ ಹೀಗೆ ಮಾಡುತ್ತವೆ.

ಇಲ್ಲಿ ಸ್ವಾರಸ್ಯವಿರುವುದು ಎಳೆಯಲ್ಲಿ. ಜಪಾನಿನ ಟೋರೆ ಕಂಪನಿಯ ಟಿ700 ಎಂಬ ಸಾಮಾನ್ಯ ದರ್ಜೆಯ ಎಳೆಯ ಬಿಗಿತ ಸುಮಾರು 230 ಗಿಗಾಪಾಸ್ಕಲ್. ದುಬಾರಿ ಎಂ40ಜೆ ಎಳೆಯದ್ದು 377. ಬಿಗಿ ಹೆಚ್ಚಿದ್ದರೆ ಕಡಿಮೆ ಎಳೆ ಸಾಕು, ಫ್ರೇಮ್ ಹಗುರ. ಆದರೆ ಬಿಗಿ ಎಳೆ ಹೆಚ್ಚು ಹಿಗ್ಗುವುದಿಲ್ಲ, ಬೇಗ ತುಂಡಾಗುತ್ತದೆ. ಅದನ್ನು ಎಲ್ಲಿ, ಎಷ್ಟು ಹಾಕಬೇಕೆಂದು ಲೆಕ್ಕ ಹಾಕುವುದಕ್ಕೇ ದುಡ್ಡು. ಟಿ700ನಿಂದ ಮಾಡಿದ ಅಗ್ಗದ ಫ್ರೇಮ್ ಇನ್ನೂರು ಮುನ್ನೂರು ಗ್ರಾಂ ಹೆಚ್ಚು ತೂಗಬಹುದು, ಹಾಗೆಂದು ದುರ್ಬಲವಲ್ಲ. ಗುಂಡಿ ರಸ್ತೆಯಲ್ಲಿ ಓಡಿಸುವವರಿಗೆ ಅದೇ ವಾಸಿ ಎಂದರೂ ತಪ್ಪಿಲ್ಲ. ಆ ಮುನ್ನೂರು ಗ್ರಾಂ, ನೀವು ಸಿಕ್ಕಿಸಿಕೊಳ್ಳುವ ನೀರಿನ ಬಾಟಲಿಯ ಅರ್ಧ ನೀರಿನಷ್ಟು!

ಇನ್ನು, ಇಡೀ ಸೈಕಲ್‌ನ ಬೆಲೆಯಲ್ಲಿ ಫ್ರೇಮ್ ಒಂದು ಪಾಲು ಮಾತ್ರ. ಗೇರು, ಬ್ರೇಕುಗಳ ಸೆಟ್ ಶಿಮಾನೋ 105 ಆಗಿದ್ದರೆ ಒಂದು ಬೆಲೆ, ಡ್ಯೂರಾ-ಏಸ್ ಆಗಿದ್ದರೆ ಅದರ ಹಲವು ಪಟ್ಟು. ಚಕ್ರ ಅಲ್ಯುಮಿನಿಯಂನದ್ದೋ ಕಾರ್ಬನ್‌ನದ್ದೋ ಅದೂ ನೋಡಬೇಕು. ಅಂಗಡಿಯವರು 'ಫುಲ್ ಕಾರ್ಬನ್' ಅಂದಾಗ ಯಾವುದೆಲ್ಲ ಅಂತ ಕೇಳಿ.

ಮಾರುವ ದಾರಿಯೂ ಬೆಲೆ ಇಳಿಸುತ್ತದೆ. ಜರ್ಮನಿಯ ಕೊಬ್ಲೆನ್ಜ್ ಊರಿನ ಕ್ಯಾನ್ಯನ್ ಕಂಪನಿ ಡೀಲರ್‌ಗಳನ್ನು ಬಿಟ್ಟು ನೇರ ಗಿರಾಕಿಗೆ ಆನ್‌ಲೈನ್‌ನಲ್ಲಿ ಮಾರುತ್ತಾ ಬೆಳೆದದ್ದು. ಡೀಲರ್ ಪಾಲು ಉಳಿಯುತ್ತದೆ, ಬದಲಿಗೆ ಡಬ್ಬಿ ಬಿಚ್ಚಿ ಜೋಡಿಸಿಕೊಳ್ಳುವ ಕೆಲಸ ನಿಮ್ಮದು. ಅದೇ ಕ್ಯಾನ್ಯನ್ ಸೈಕಲ್ ಮೇಲೆ ಮ್ಯಾಥ್ಯೂ ವಾನ್ ಡರ್ ಪೋಲ್ 2023, 2024ರಲ್ಲಿ ಕಲ್ಲುಹಾಸಿನ ಕಠಿಣ ರೇಸ್ ಪ್ಯಾರಿಸ್-ರೂಬೆ ಗೆದ್ದರು. ಡೆಕಾತ್ಲಾನ್ ತನ್ನ ವ್ಯಾನ್ ರೈಸಲ್ ಸೈಕಲ್‌ಗಳನ್ನು ತನ್ನದೇ ಮಳಿಗೆಗಳಲ್ಲಿ ಮಾರುತ್ತದೆ. 2024ರ ಟೂರ್ ಡಿ ಫ್ರಾನ್ಸ್‌ನಲ್ಲಿ ಒಂದು ತಂಡ ಓಡಿಸಿದ್ದು ಅದನ್ನೇ. ಅಗ್ಗ ಅಂದರೆ ಕಳಪೆ ಎನ್ನುವ ಮೆಸೇಜ್ ಇಲ್ಲಿ ನಿಲ್ಲುವುದಿಲ್ಲ.

ಕೆಲವೊಮ್ಮೆ ಕಾರಣ ಇನ್ನೂ ಸರಳ. ಕೋವಿಡ್ ಕಾಲದಲ್ಲಿ ಸೈಕಲ್‌ಗೆ ಬೇಡಿಕೆ ಏರಿ ಕಂಪನಿಗಳು ಸಿಕ್ಕಾಪಟ್ಟೆ ಆರ್ಡರ್ ಕೊಟ್ಟವು. ಮಾಲು ಬರುವಷ್ಟರಲ್ಲಿ ಬೇಡಿಕೆ ಇಳಿದಿತ್ತು. ಗೋದಾಮು ಖಾಲಿ ಮಾಡಲು ಭಾರಿ ರಿಯಾಯಿತಿಗಳು ಬಂದವು, ಬ್ರಿಟನ್ನಿನ ದೊಡ್ಡ ಆನ್‌ಲೈನ್ ಮಳಿಗೆ ವಿಗಲ್ 2023ರಲ್ಲಿ ದಿವಾಳಿಯತ್ತ ಹೋಯಿತು. ಡಿಸ್ಕ್ ಬ್ರೇಕ್ ಬಂದ ಮೇಲೆ ರಿಮ್ ಬ್ರೇಕಿನ ಒಳ್ಳೆಯ ಸೈಕಲ್‌ಗಳ ಬೆಲೆಯೂ ಬಿತ್ತು.

ಈಗ ಅಪಾಯದ ವಿಷಯಕ್ಕೆ ಬರೋಣ. "ಎಲ್ಲ ಒಂದೇ ಕಾರ್ಖಾನೆ" ಅನ್ನುವ ಮಾತನ್ನು ಹೆಚ್ಚು ಬಳಸಿಕೊಳ್ಳುವವರು ಪ್ರಸಿದ್ಧ ಬ್ರ್ಯಾಂಡ್‌ನ ಹೆಸರು ಬಳಿದ ನಕಲಿ ಫ್ರೇಮ್ ಮಾರುವವರು. ಹೊರಗೆ ಆಕಾರ, ಬಣ್ಣ ಹಾಗೇ ಇರುತ್ತದೆ. ಒಳಗೆ ಎಷ್ಟು ಪದರ, ಯಾವ ದಿಕ್ಕು, ಅಂಟು ಸರಿಯಾಗಿ ಬೆಂದಿದೆಯೇ, ಯಾವುದಕ್ಕೂ ಹೊಣೆಗಾರರಿಲ್ಲ. ಸೈಕಲ್‌ಗೆ ಐಎಸ್‌ಒ 4210 ಎಂಬ ಸುರಕ್ಷತಾ ಪರೀಕ್ಷೆಯ ಮಾನದಂಡವಿದೆ. ಒಳ್ಳೆಯ ಕಂಪನಿಗಳು ಮಾದರಿ ಫ್ರೇಮ್‌ಗಳನ್ನು ಅದರಂತೆ ಸಾವಿರಾರು ಸಲ ಒತ್ತಿ, ಗುದ್ದಿ ನೋಡುತ್ತವೆ. ನಕಲಿಯವನಿಗೆ ಆ ಖರ್ಚೇ ಇಲ್ಲ, ಅವನ ಬೆಲೆ ಇಳಿದಿರುವುದು ಅದರಿಂದಲೂ. ನಂದಿ ಬೆಟ್ಟ ಇಳಿಯುವಾಗ ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಮುರಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಹೆಸರು ಕೇಳಿರದ ಚೀನಾ ಕಂಪನಿ ತನ್ನದೇ ಹೆಸರಿನಲ್ಲಿ, ಪರೀಕ್ಷೆಯ ವರದಿ ಮತ್ತು ವಾರಂಟಿ ಕೊಟ್ಟು ಮಾರುವುದು ಬೇರೆ ಮಾತು. ಅದನ್ನು ನಕಲಿಯ ಜೊತೆ ಸೇರಿಸಬೇಡಿ. ದೊಡ್ಡ ಬ್ರ್ಯಾಂಡ್‌ನ ಹೆಸರಿದ್ದು ಬೆಲೆ ಐದನೇ ಒಂದು ಪಾಲಿದ್ದರೆ ಮಾತ್ರ ಫ್ರೇಮಿನ ಸೀರಿಯಲ್ ನಂಬರನ್ನು ಆ ಕಂಪನಿಗೇ ಕಳಿಸಿ ವಿಚಾರಿಸಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಇನ್ನೊಂದು ಮಾತು: ಪೆಟ್ಟು ಬಿದ್ದ ಕಾರ್ಬನ್ ಕಬ್ಬಿಣದಂತೆ ತಗ್ಗಾಗುವುದಿಲ್ಲ, ಬಣ್ಣ ಸರಿಯಿದ್ದೂ ಒಳಪದರ ಬಿಟ್ಟಿರಬಹುದು. ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾ ಹೋದಾಗ ಟಕ್ ಟಕ್ ಸದ್ದು ಒಂದು ಕಡೆ ಇದ್ದಕ್ಕಿದ್ದಂತೆ ಮಂಕಾದರೆ, ದುಡ್ಡು ಕೊಡುವ ಮುಂಚೆ ಕಾರ್ಬನ್ ರಿಪೇರಿ ಬಲ್ಲವರಿಗೆ ತೋರಿಸಿ.